ಎರಡು ಬೆರಳು ಸಡಿಲ

ನನ್ನ ಭಾವನನ್ನು ಬೀದಿಯವರೆಲ್ಲ ಟೇಪು ಎಂದು ಕರೆಯುತ್ತಾರೆ. ದರ್ಜಿ. ನಲವತ್ತು ವರ್ಷದಿಂದ ಅಳತೆಯ ಟೇಪು ಕೊರಳಿನಿಂದ ಇಳಿದಿಲ್ಲ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ, ಅದರ ತುದಿ ತಟ್ಟೆಯೊಳಗೆ ಬಿದ್ದದ್ದನ್ನು ನಾನೇ ಎಷ್ಟೋ ಸಲ ಎತ್ತಿ ಒರೆಸಿದ್ದೇನೆ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೂತಿದ್ದೇನೆ. ಆದರೆ ಅವರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ, ಅದನ್ನು ಮುಚ್ಚಿಟ್ಟು ಬರೆಯುವ ಜಾಣತನವೂ ನನಗಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದ ಕನ್ನಡಿ, ಪರದೆಯ ಹಿಂದೆ ಬಟ್ಟೆ ಹಾಕಿ ನೋಡುವ ಮೂಲೆ. ನಡುವಿನ ಕೋಣೆ ಅಕ್ಕನದು. ಅದರ ಹಿಂದೆ ಅಡುಗೆಮನೆ, ಅಲ್ಲಿಂದಾಚೆ ಸಿಮೆಂಟು ಹಾಕಿದ ಹಿತ್ತಿಲು, ಹಿತ್ತಿಲಿಂದ ಗಲ್ಲಿಗೆ ತೆರೆಯುವ ಜೋಡಿ ಗೇಟು. ಮಾಳಿಗೆಯ ಕೋಣೆ ನನ್ನದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತೇನೆ, ಲಾಂಡ್ರಿಯ ವ್ಯಾನೂ ಓಡಿಸುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಭಾವನನ್ನು ನೋಡಿಯೇ ಸಾಕಾಯಿತು ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದಳು. ಭಾವ ಮಾತ್ರ ಅದನ್ನು ನಿಜವೆಂದೇ ನಂಬಿ, ವರ್ಷಕ್ಕೊಮ್ಮೆ ಕ್ಷಮೆ ಕೇಳುವವರ ಮುಖ ಮಾಡಿಕೊಂಡು ನನಗೊಂದು ಹೊಸ ಕೋಟು ಹೊಲಿದುಕೊಡುತ್ತಿದ್ದರು.

ಅವರ ಹೊಲಿಗೆಯಲ್ಲಿ ಒಂದು ಗುಟ್ಟಿತ್ತು. ಬೇರೆ ದರ್ಜಿಗಳು ಮೈಯಳತೆ ಬರೆದುಕೊಂಡು, ಬಟ್ಟೆ ಕತ್ತರಿಸುವಾಗ ಸಡಿಲ ಸೇರಿಸುತ್ತಾರಂತೆ. ಭಾವ ಹಾಗಲ್ಲ. ಟೇಪು ಹಿಡಿದಾಗಲೇ ಅದರ ತುದಿಗೆ ಎರಡು ಬೆರಳು ಜೋಡಿಸಿ ಇಟ್ಟು, ಬೆರಳಿನಾಚೆ ಬಂದ ಸಂಖ್ಯೆಯನ್ನೇ ಬರೆಯುತ್ತಿದ್ದರು. ಗಿರಾಕಿ ಉಸಿರಾಡಬೇಕು, ಬಗ್ಗಬೇಕು, ಹೊಟ್ಟೆ ತುಂಬ ಉಂಡು ಏಳಬೇಕು, ಅದಕ್ಕೆ. ಅವರ ಚೀಟಿಗಳಲ್ಲಿ ಯಾರೊಬ್ಬರ ನಿಜವಾದ ಅಳತೆಯೂ ಇರಲಿಲ್ಲ. ಬಿಗಿಯಾಯಿತೆಂದು ವಾಪಸು ತಂದವರನ್ನು ನಾನು ಒಬ್ಬರನ್ನೂ ಕಂಡಿರಲಿಲ್ಲ. ಆ ಎರಡು ಬೆರಳು ಅವರ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಇಡುತ್ತಿದ್ದೇನೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಅಕ್ಕ ಮತ್ತು ನಾನು ಅಂಬಿಗನ ಹೆಣ್ಣುಮಕ್ಕಳು. ಅಪ್ಪ ಜನರನ್ನು ಹೊಳೆ ದಾಟಿಸುತ್ತಿದ್ದ. ಅಕ್ಕ ಹತ್ತು ವರ್ಷಕ್ಕೇ ಚುಕ್ಕಾಣಿ ಹಿಡಿದವಳು. ಅಪ್ಪ ಮುಂದೆ ಕೂತು ಹಗ್ಗ ಸುತ್ತುತ್ತ, ಹಿಂದೆ ತಿರುಗಿ ನೋಡುತ್ತಲೇ ಇರಲಿಲ್ಲ. ನಾನು ಅದೇ ಹೊಟ್ಟೆಯಲ್ಲಿ ಹುಟ್ಟಿದರೂ ದೋಣಿ ಅಲುಗಿದರೆ ವಾಂತಿ. ಅಂಥ ಅಕ್ಕ ಕಾಲು ಒದ್ದೆ ಮಾಡಿಕೊಳ್ಳದ ದರ್ಜಿಯನ್ನು ಮೆಚ್ಚಿ ಮದುವೆಯಾಗಿ, ಈ ಪೇಟೆಗೆ ಬಂದು, ಮೂವತ್ತು ವರ್ಷ ಗುಂಡಿಗಳಿಗೆ ಕಾಜ ಹೊಲಿದಳು. ನೀರಿನ ಮಾತು ಎತ್ತಿದ್ದೇ ಇಲ್ಲ. ಐದು ವರ್ಷದ ಹಿಂದೆ ಅವಳ ಕಾಲುಗಳು ಸೋತವು. ಗಾಲಿಕುರ್ಚಿ ಬಂತು. ಎರಡು ವರ್ಷ ಕಳೆದು, ಬೇಸಿಗೆಯ ಮೊದಲಿಗೆ ಬೆರಳುಗಳೂ ಸೋಲತೊಡಗಿದವು.

ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. "ಕೈ ಚಳಿಗಾಲದವರೆಗೆ ಬರಬಹುದು. ಆಮೇಲಿಂದು ಹೇಳೋಕಾಗಲ್ಲ" ಎಂದರು.

ವ್ಯಾನಿನಲ್ಲಿ ಮನೆಗೆ ಬರುವಾಗ ಅಕ್ಕ, ಪೇಟೆಯಿಂದ ತರಕಾರಿ ತರಲು ಹೇಳುವ ದನಿಯಲ್ಲಿ, "ಕೈ ಹೋಗೋ ಮುಂಚೆ ಒಂದು ಸಲ ದೋಣಿ ನಡೆಸಬೇಕು ಅನ್ಸುತ್ತೆ. ಒಂದೇ ಸಲ" ಎಂದಳು. ಭಾವ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಮೂವತ್ತು ಕಿಲೋಮೀಟರು ದೂರದ ಸರೋವರದಲ್ಲಿ ಬಾಡಿಗೆಗೆ ಸಿಗುವುದು ಒಳಗೆ ತಗ್ಗಾಗಿರುವ ದೋಣಿಗಳು. ಅವುಗಳೊಳಗೆ ಗಾಲಿಕುರ್ಚಿ ಇಳಿಸುವಂತಿಲ್ಲ. ಭಾವ ಎಲ್ಲಿಂದಲೋ ಹುಡುಕಿದರು. ದಂಡೆಯ ಮೇಲಿನ ಹೋಟೆಲೊಂದು ಮುಚ್ಚುತ್ತಿತ್ತು, ಅವರ ಹಳೆಯ ಪಾಂಟೂನ್ ದೋಣಿ ಶೆಡ್ಡಿನಲ್ಲಿ ಬಿದ್ದಿತ್ತು. ಎರಡು ಉದ್ದ ಅಲ್ಯೂಮಿನಿಯಂ ಕೊಳವೆಗಳು, ಬಾಯಿ ಮುಚ್ಚಿ ಬೆಸೆದವು, ಒಳಗೆ ಬರೀ ಗಾಳಿ. ಅವುಗಳ ಮೇಲೆ ಅಂಗಳದಷ್ಟು ಸಪಾಟಾದ ಹಲಗೆಯ ನೆಲ, ಸುತ್ತ ಕಟಕಟೆ, ನಡುವೆ ನಡೆಸುವ ಚಕ್ರ, ಹಿಂದೆ ಒಂದು ಸಣ್ಣ ಮೋಟಾರು. ಕುರ್ಚಿ ಸೀದಾ ಉರುಳಿಸಿಕೊಂಡು ಹೋಗಬಹುದು. ಹೋಟೆಲಿನವರು ಕ್ರೇನ್ ಲಾರಿಯಲ್ಲಿ ತಂದು ನಮ್ಮ ಹಿತ್ತಿಲಲ್ಲಿ ಮರದ ದಿಮ್ಮಿಗಳ ಮೇಲೆ ಇಳಿಸಿ ಹೋದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಅದನ್ನು ನೋಡಿ ಅತ್ತಳು, ಆಮೇಲೆ ಭಾವನನ್ನು ಹತ್ತಿರ ಕರೆದು ಅವರ ಟೇಪು ಹಿಡಿದೆಳೆದು ನಕ್ಕಳು.

ಎರಡು ವಾರದಲ್ಲಿ ಭಾವ ಕೊಳೆತ ಹಲಗೆ ಬದಲಿಸಿದರು, ಸೀಟಿಗೆ ಗವಸು ಹೊಲಿದರು, ಬಿಸಿಲಿಗೆ ಮೇಲುಹೊದಿಕೆ ಹೊಲಿದರು. ದೋಣಿ ತಯಾರು. ಇನ್ನು ಅದನ್ನು ಸರೋವರಕ್ಕೆ ಒಯ್ಯುವುದೊಂದೇ ಬಾಕಿ.

"ಆ ಕ್ರೇನ್ ಲಾರಿಯವರನ್ನೇ ಕರೆಸಿ ಭಾವ. ನಾಡಿದ್ದು ಭಾನುವಾರ ನೀರಲ್ಲಿರುತ್ತೆ" ಎಂದೆ.

"ಒಂದು ದಿನದ ಮಾತಲ್ಲ. ಅಲ್ಲಿ ದೋಣಿ ಕಟ್ಟಿಹಾಕಿ ಬರೋಕೆ ಬಿಡಲ್ಲ. ಬೆಳಗ್ಗೆ ಇಳಿಸಿ ಸಂಜೆ ಎತ್ಕೋಬೇಕು. ಪ್ರತಿ ಭಾನುವಾರ ಕ್ರೇನ್ ಎಲ್ಲಿಂದ ತರಲಿ? ನಮ್ಮದೇ ಟ್ರೈಲರ್ ಇರಬೇಕು."

"ಪ್ರತಿ ಭಾನುವಾರ ಅಂತ ಕೇಳಿದ್ದು ಯಾರು?"

"ನಾನು" ಎಂದರು.

ಅಕ್ಕ ಕೇಳಿದ್ದು ಒಂದು ಸಲ. ಅವರಿಗೆ ಬೇಕಾದದ್ದು ಎಲ್ಲ ಭಾನುವಾರಗಳು. ಆ ದಿನ ನನಗೆ ಕಣ್ಣು ತುಂಬಿ ಬಂದು, ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡೆ. ಈಗ ಆ ಮಾತು ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಟ್ರೈಲರ್ ಮಾಡುವವನ ಅಂಗಳ ಹೆದ್ದಾರಿಯ ಬದಿಗಿದೆ. ಅವನನ್ನು ಎಲ್ಲರೂ ಬೋಲ್ಟು ಎನ್ನುತ್ತಾರೆ. ಗಿಡ್ಡ, ಗಟ್ಟಿ, ಚೌಕಾಕಾರದ ತಲೆ. ಅವನ ಹತ್ತಿರ ಮೂರು ಬಗೆ ಇದ್ದವು.

ಮೊದಲನೆಯದು ಕತ್ತರಿ ಟ್ರೈಲರ್. ಸಪೂರವಾಗಿ ಎರಡು ಕೊಳವೆಗಳ ನಡುವೆ ನುಗ್ಗಿ, ಕತ್ತರಿ ಬಿಚ್ಚಿದಂತೆ ಮೇಲೆದ್ದು, ದೋಣಿಯನ್ನು ನೆಲಹಲಗೆಯ ಅಡಿಯಿಂದಲೇ ಎತ್ತುತ್ತದೆ. ಮೊಣಕಾಲುದ್ದ ನೀರಿದ್ದರೂ ಇಳಿಸಬಹುದು. "ಆದರೆ ಎತ್ತರ ಜಾಸ್ತಿ, ಬುಡ ಕಡಿಮೆ. ಗಾಳಿ ಎದ್ರೆ ಕುಡುಕನ ಹಾಗೆ ತೂಗಾಡುತ್ತೆ. ನಿಧಾನಕ್ಕೆ ಹೋಗ್ಬೇಕು" ಎಂದ ಬೋಲ್ಟು. ಎರಡನೆಯದು ಹಾಸುಹಲಗೆಯದು. ಪ್ರತಿ ಕೊಳವೆಗೂ ಎರಡೆರಡು ಉದ್ದ ಹಲಗೆ, ಮೇಲೆ ಜಮಖಾನದಂಥ ಬಟ್ಟೆ. ಕೊಳವೆ ಆ ಎರಡು ಹಲಗೆಗಳ ನಡುವೆ ತೊಟ್ಟಿಲಲ್ಲಿ ಮಲಗಿದ ಹಾಗೆ ಕೂರುತ್ತದೆ. ಆದರೆ ಅದಕ್ಕೆ ಒಂದೇ ಅಚ್ಚು, ಎರಡೇ ಚಕ್ರ, ಬ್ರೇಕಿಲ್ಲ. ಮೂರನೆಯದೂ ಹಾಸುಹಲಗೆಯದೇ, ಜೋಡಿ ಅಚ್ಚು, ನಾಲ್ಕು ಚಕ್ರ, ತನ್ನದೇ ಬ್ರೇಕು. ರಸ್ತೆಯ ಮೇಲೆ ಬಂಡೆ. ಇಳಿಸಲು ಮಾತ್ರ ಆಳ ನೀರಿಗೆ ಹೋಗುವ ಉದ್ದನೆಯ ಇಳಿಜಾರು ಬೇಕು.

"ಕತ್ತರಿನೇ ತಗೊಳ್ಳಿ. ಕತ್ತರಿ ನಿಮ್ಮ ಕೈಲಿ ಪಳಗಿದ್ದೇ ಅಲ್ವಾ?" ಎಂದಳು ಅಕ್ಕ, ನಾವು ಮನೆಗೆ ಬಂದು ಹೇಳಿದ ಕೂಡಲೇ. "ಗಾಳಿ ಇಲ್ಲದ ದಿನ ನೋಡಿ ಮೆಲ್ಲಗೆ ಹೋದ್ರಾಯ್ತು."

ದೋಣಿ ಬಲ್ಲವಳ ಮಾತು. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ತೀರ್ಮಾನ. ಭಾವ ಮೀನ ಮೇಷ ಎಣಿಸುತ್ತ ಕೂತರು. ದಾರಿಯಲ್ಲಿ ಉದ್ದನೆಯ ಸೇತುವೆ ಇದೆ, ಅಲ್ಲಿ ಗಾಳಿ ಯಾವಾಗಲೂ ಇರುತ್ತದೆ ಎಂದರು. ಬಸ್ಸಿನಲ್ಲಿ ಹೋಗಿ ಸೇತುವೆಯ ಮೇಲೆ ಒಂದು ದಾರ ಹಿಡಿದು ನಿಂತು ಬಂದರು. ಸರೋವರದ ಇಳಿಜಾರನ್ನು ಟೇಪಿನಲ್ಲಿ ಅಳೆದು ಬಂದರು. ಗಲ್ಲಿಯ ತಿರುವು ಅಳೆದರು, ಗೇಟು ಅಳೆದರು, ಮತ್ತೆ ಅಳೆದರು. ನಾನು ಆತುರ ಮಾಡಿದರೆ, "ಆತುರಗಾರನಿಗೆ ಬುದ್ಧಿ ಮಟ್ಟ" ಎನ್ನುತ್ತಿದ್ದರು. ಬೋಲ್ಟು ಅವರು ಬರುವುದನ್ನು ಕಂಡರೆ ಲಾರಿಯ ಅಡಿಗೆ ನುಗ್ಗಿ ಮಲಗುತ್ತಿದ್ದನಂತೆ.

ಇತ್ತ ಅಕ್ಕನ ಬೆರಳುಗಳು ಕಾಯುತ್ತಿರಲಿಲ್ಲ. ಅದು ಮೊದಲು ಗೊತ್ತಾಗಿದ್ದೂ ಭಾವನಿಗೇ. ಬೇಸಿಗೆಯಲ್ಲಿ ಅವಳ ಅಂಗಿಯ ಸಣ್ಣ ಗುಂಡಿ ಕಿತ್ತು ದೊಡ್ಡ ಗುಂಡಿ ಹಾಕಿದರು. ಮಳೆ ಬಿದ್ದ ಮೇಲೆ ದೊಡ್ಡ ಗುಂಡಿ ಕಿತ್ತು ಒತ್ತುಗುಂಡಿ. ಮಳೆ ನಿಲ್ಲುವ ಹೊತ್ತಿಗೆ ಒತ್ತುಗುಂಡಿಯೂ ಹೋಗಿ, ಬೇರೆಯವರು ಕಟ್ಟುವ ಲಾಡಿ ಬಂತು. ತಾವೇ ಕಿತ್ತು ತಾವೇ ಹಾಕುತ್ತಿದ್ದರು. ಇಷ್ಟು ಕಂಡ ಮನುಷ್ಯನಿಗೆ ದಿನ ಓಡುತ್ತಿರುವುದು ಯಾಕೆ ಕಾಣಲಿಲ್ಲ ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಕಂಡಿತ್ತು. ಕಂಡಷ್ಟೂ ಹೆದರಿದರು, ಹೆದರಿದಷ್ಟೂ ಅಳೆದರು.

ಒಂದು ಸಂಜೆ ನನ್ನ ಬಾಯಿ ತಡೆಯಲಿಲ್ಲ. "ಭಾವ, ನೀವು ಅಳೆದೂ ಸುರಿದೂ ಮುಗಿಸೋ ಹೊತ್ತಿಗೆ ಅವಳ ಕೈ ಮರದ ಕೈ ಆಗಿರುತ್ತೆ. ಆಗ ದೋಣಿ ತಗೊಂಡು ಯಾರನ್ನ ಕೂರಿಸ್ತೀರಿ? ನನ್ನನ್ನಾ?"

ಅಂಗಡಿಯಲ್ಲಿ ಪ್ಯಾಂಟಿನ ಉದ್ದ ನೋಡಿಕೊಳ್ಳುತ್ತಿದ್ದ ಗಿರಾಕಿ ಕೂಡ ತಲೆ ತಗ್ಗಿಸಿದ. ಮರುದಿನ ಬೆಳಗ್ಗೆ ಭಾವ ಬೋಲ್ಟುವಿನ ಅಂಗಳಕ್ಕೆ ಹೋಗಿ ಮೂರನೆಯದು, ಜೋಡಿ ಅಚ್ಚಿನದು, ಎಂದು ಹೇಳಿದರು.

"ದೋಣಿ ಇಲ್ಲಿಗೆ ತನ್ನಿ. ಕೊಳವೆ ನೋಡ್ಕೊಂಡು ಹಲಗೆ ಕೂರಿಸ್ತೀನಿ" ಎಂದ ಬೋಲ್ಟು.

"ಟ್ರೈಲರ್ ಇಲ್ದೆ ದೋಣಿ ಹೇಗೆ ತರ್ಲಿ?"

ಹುಚ್ಚು ಬಿಡುವವರೆಗೆ ಮದುವೆ ಆಗದು, ಮದುವೆ ಆಗುವವರೆಗೆ ಹುಚ್ಚು ಬಿಡದು. ಬೋಲ್ಟು ತಲೆ ಕೆರೆದುಕೊಂಡ. "ನಾನು ಬಂದು ಅಳೀಬೇಕು ಅಂದ್ರೆ ಇನ್ನೊಂದು ವಾರ ಆಗುತ್ತೆ. ಇಲ್ಲ, ನೀವೇ ಅಳ್ಕೊಂಡು ಬನ್ನಿ. ಒಂದು ಕೊಳವೆ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ. ಸರಿಯಾಗಿ ಅಳೀತೀರಾ?"

ಭಾವ ನಕ್ಕರು. ಆರು ತಿಂಗಳಲ್ಲಿ ಅವರು ನಕ್ಕದ್ದು ನೋಡಿದ್ದು ಅವತ್ತೇ. "ನಲವತ್ತು ವರ್ಷದಿಂದ ಇನ್ನೇನು ಮಾಡ್ತಿದ್ದೀನಿ?"

ಹಿತ್ತಿಲಲ್ಲಿ ದೋಣಿಯ ಅಡಿಗೆ ಇಬ್ಬರೂ ತೆವಳಿದೆವು. ಟೇಪಿನ ಒಂದು ತುದಿ ನಾನು ಹಿಡಿದೆ. ಅವರು ನನ್ನ ಕಡೆಯ ಕೊಳವೆಗೆ ಬಂದು ಟೇಪಿನ ತುದಿಗೆ ಎರಡು ಬೆರಳು ಇಟ್ಟರು, ಆ ಕಡೆ ಹೋಗಿ ಮತ್ತೆ ಎರಡು ಬೆರಳು ಇಟ್ಟರು, ಸಂಖ್ಯೆ ಓದಿ ಚೀಟಿಯಲ್ಲಿ ಬರೆದರು. ನಾನು ಕಣ್ಣಾರೆ ನೋಡಿದೆ. ಹುಟ್ಟಿದಾಗಿನಿಂದ ನೋಡಿದಂತಿದ್ದ ಆ ಬೆರಳುಗಳ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ.

ಟ್ರೈಲರ್ ಬಂತು. ಜಾಕ್ ಹಚ್ಚಿ ದೋಣಿಯನ್ನು ಅದರ ಮೇಲೆ ಇಳಿಸಿದೆವು. ಕೊಳವೆಗಳು ಎರಡು ಹಲಗೆಗಳ ನಡುವೆ ಸರಿಯಾಗಿ ಕೂರಲಿಲ್ಲ. ಒಳಗಿನ ಹಲಗೆಯ ಅಂಚಿನ ಮೇಲೆ ಹತ್ತಿ ನಿಂತ ಹಾಗಿತ್ತು.

"ಭಾವ, ಇದು ಒಂದೇ ಹಲಗೆ ಮೇಲೆ ಕೂತ ಹಾಗಿದೆ" ಎಂದೆ.

ಅವರು ಬಗ್ಗಿ ನೋಡಿದರು. "ಸ್ವಲ್ಪ ಸಡಿಲ ಇರಬೇಕು. ದಾರಿಲಿ ಮೈ ಆಡೋಕೆ" ಎಂದರು.

ಅಷ್ಟೂ ದಿನ ತಡವಾಯಿತು, ತಡವಾಯಿತು ಎಂದು ಅವರ ಪ್ರಾಣ ತಿಂದವಳು ನಾನು. ಈಗ ಬಿಚ್ಚಿ ಮತ್ತೆ ಕೂರಿಸಿ ಎಂದು ಯಾವ ಬಾಯಲ್ಲಿ ಹೇಳಲಿ? ಸುಮ್ಮನಾದೆ. ಈ ಕಥೆಯಲ್ಲಿ ನನ್ನ ಪಾಲು ಅದು.

ಚಳಿ ಶುರುವಾದ ಮೊದಲ ಭಾನುವಾರ ಹೊರಟೆವು. ಲಾಂಡ್ರಿಯ ವ್ಯಾನು, ಹಿಂದೆ ದೋಣಿ. ಅಕ್ಕ ನನ್ನ ಪಕ್ಕ, ಅವಳ ಮೈಮೇಲೆ ಲಾಡಿಯ ನೀಲಿ ಕೋಟು. ಸೇತುವೆಯ ಮೇಲೆ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಮಳೆಗೆ ಕಿತ್ತುಹೋದ ರಸ್ತೆಯ ಗುಂಡಿಗಳಲ್ಲಿ ಮಾತ್ರ ಹಿಂದಿನಿಂದ ಒಂದು ಕರ್ಕಶ ಸದ್ದು ಬರುತ್ತಿತ್ತು. ಹೊಸ ಟ್ರೈಲರ್ ಅಲ್ವಾ, ಎಂದರು ಭಾವ.

ಇಳಿಜಾರಿನಲ್ಲಿ ನಾನು ವ್ಯಾನನ್ನು ಹಿಂದಕ್ಕೆ ಬಿಟ್ಟೆ. ಟ್ರೈಲರ್ ನೀರಿಗಿಳಿಯಿತು, ಚಕ್ರ ಮುಳುಗಿತು, ಹಲಗೆ ಮುಳುಗಿತು, ದೋಣಿ ತನ್ನಷ್ಟಕ್ಕೆ ಎದ್ದು ತೇಲಿತು. ಅಕ್ಕ "ಹೋ!" ಎಂದಳು. ಅಪ್ಪ ದಡ ಬಿಡುವಾಗ ಕೂಗುತ್ತಿದ್ದ ಕೂಗು ಅದು. ದೋಣಿ ಹತ್ತುವ ಕಟ್ಟೆಯಿಂದ ಅವಳ ಕುರ್ಚಿ ಉರುಳಿಸಿ, ದೋಣಿ ನಡೆಸುವ ಚಕ್ರದ ಮುಂದೆ ನಿಲ್ಲಿಸಿದೆವು. ಕೈ ಜಾರದಿರಲೆಂದು ಅದಕ್ಕೆ ಭಾವ ಗೆರೆಗೆರೆಯ ಮಖಮಲ್ಲು ಸುತ್ತಿ ಹೊಲಿದಿದ್ದರು. ಅಕ್ಕ ಎರಡೂ ಕೈ ಎತ್ತಿ ಅದರ ಮೇಲಿಟ್ಟಳು. ಬೆರಳುಗಳು ನಿಧಾನವಾಗಿ, ಒಂದಾದ ಮೇಲೊಂದು, ಬಗ್ಗಿದವು. ಹಿಡಿದವು.

ನಾನು ವಾಂತಿಗೆಂದು ಚೀಲ ಹಿಡಿದು ಮೂಲೆಯಲ್ಲಿ ಕೂತಿದ್ದೆ. ವಾಂತಿ ಬರಲಿಲ್ಲ. ಅಕ್ಕ ದೋಣಿಯನ್ನು ಸರೋವರದ ನಡುವಿಗೆ ತಿರುಗಿಸಿದಳು. ಭಾವ ಅವಳ ಮುಂದೆ ಕೂತು, ಹಿಂದೆ ತಿರುಗಿ ನೋಡುತ್ತಲೇ ಇದ್ದರು. "ಮುಂದೆ ನೋಡ್ರೀ, ನಾನು ಹಿಡಿದಿದ್ದೀನಲ್ಲ" ಎಂದಳು.

ಹೆಚ್ಚೆಂದರೆ ನೂರೈವತ್ತು ಮೀಟರು ಹೋಗಿರಬೇಕು. ಅಕ್ಕನ ನಗು ನಿಂತಿತು. ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುವವಳಂತೆ ಕೂತಳು. ಚಕ್ರವನ್ನು ಬಲಕ್ಕೆ ಎಳೆದಳು, ದೋಣಿ ಎಡಕ್ಕೆ ಹೋಯಿತು.

"ಎಡಗಡೆ ನೀರು ಕುಡೀತಿದೆ" ಎಂದಳು.

"ಏನು?" ಎಂದರು ಭಾವ.

"ಕೊಳವೆ ಒಡೆದಿದೆ. ಇಬ್ಬರೂ ಬಲಗಡೆ ಬನ್ನಿ. ನನ್ನ ಕುರ್ಚಿ ಹಿಡೀರಿ."

ನಮಗೆ ಕಣ್ಣಿಗೆ ಕಾಣುವಷ್ಟು ಓರೆಯಾಗಿದ್ದು ಆಮೇಲೆ. ಅಷ್ಟರಲ್ಲಿ ಅವಳು ದೋಣಿಯನ್ನು ತಿರುಗಿಸಿ ಆಗಿತ್ತು. ಎಡಕ್ಕೆಳೆಯುವ ಚಕ್ರವನ್ನು ಆ ಕೈಗಳು ಬಲಕ್ಕೆ ಒತ್ತಿ ಹಿಡಿದಿದ್ದವು, ಮೊಣಕೈ ನಡುಗುತ್ತಿತ್ತು. ಭಾವ ಸಹಾಯಕ್ಕೆ ಕೈ ಚಾಚಿದರು. "ಮುಟ್ಟಬೇಡಿ" ಎಂದಳು. ಕಟ್ಟೆಗೆ ತಲುಪುವುದಿಲ್ಲವೆಂದು ಅವಳಿಗೆ ಗೊತ್ತಾಗಿ, ಪಕ್ಕದ ಕೆಸರು ದಂಡೆಗೆ ನೇರವಾಗಿ ಹತ್ತಿಸಿದಳು. ದೋಣಿ ಕೆಸರಿನಲ್ಲಿ ಹೂತು ನಿಂತಿತು. ಎಡಭಾಗದ ನೆಲಹಲಗೆಯ ಮೇಲೆ ನೀರು ಹರಿಯುತ್ತಿತ್ತು. ಅಕ್ಕನ ಬೆರಳುಗಳನ್ನು ಚಕ್ರದಿಂದ ನಾನೇ ಒಂದೊಂದಾಗಿ ಬಿಡಿಸಿದೆ.

ಬೋಲ್ಟು ಮಧ್ಯಾಹ್ನ ಬಂದು ದೋಣಿ ಎಳೆದುಹಾಕಿದ. ಎಡ ಕೊಳವೆಯ ಬೆಸುಗೆಯ ಪಟ್ಟೆಯಲ್ಲಿ ಅಂಗೈಯುದ್ದ ಸೀಳು. ಒಳಗಿನ ಹಲಗೆಯನ್ನು ಹಿಡಿದ ಕಬ್ಬಿಣದ ಮೂಲೆ ಮೂವತ್ತು ಕಿಲೋಮೀಟರೂ ಅದನ್ನು ಉಜ್ಜಿತ್ತು. ಬೋಲ್ಟು ಜೇಬಿನಿಂದ ಭಾವನ ಚೀಟಿ ತೆಗೆದ, ತನ್ನ ಕಬ್ಬಿಣದ ಅಳತೆಪಟ್ಟಿಯಿಂದ ಕೊಳವೆ ಅಳೆದ, ಇನ್ನೊಮ್ಮೆ ಅಳೆದ.

"ನೀವು ಬರೆದಂತೆ ನಾನು ಹಲಗೆ ಕೂರಿಸಿದ್ದೀನಿ. ಆದರೆ ಕೊಳವೆ ಅಲ್ಲಿಲ್ಲ. ಎರಡೂ ಕಡೆ ಎರಡೆರಡು ಬೆರಳು ಜಾಸ್ತಿ ಬಂದಿದೆ. ಹೇಗೆ?"

ಭಾವ ತಮ್ಮ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡರು. ಅಲ್ಲೇ ಕೆಸರಿನ ಮೇಲೆ ಕೂತುಬಿಟ್ಟರು. ಬೈಯಬೇಕೆಂದು ಬಾಯಿ ತೆರೆದವಳು ನಾನು, ಬಗ್ಗಿ ಅವರ ಟೇಪಿನ ತುದಿಯನ್ನು ಕೆಸರಿನಿಂದ ಎತ್ತಿ ಒರೆಸಿದೆ.

ಬೆಸುಗೆ ಹಾಕಿ, ಗಾಳಿ ತುಂಬಿ ಪರೀಕ್ಷೆ ಮಾಡಿ, ಹಲಗೆಗಳನ್ನು ಕೊಳವೆಗೆ ಸರಿಯಾಗಿ ಕೂರಿಸಿ ದೋಣಿ ಮನೆಗೆ ಬರಲು ಇಪ್ಪತ್ತನಾಲ್ಕು ದಿನ ಹಿಡಿಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇಪ್ಪತ್ತೈದನೆಯ ದಿನ ಭಾವ ಮಖಮಲ್ಲು ಸುತ್ತಿದ ಆ ಚಕ್ರವನ್ನು ಬಿಚ್ಚಿ ತಂದು ಅಕ್ಕನ ಮಡಿಲಲ್ಲಿಟ್ಟರು. ಅಕ್ಕ ಕೈಗಳನ್ನು ಅದರ ಮೇಲೆ ಇಡಿಸಿಕೊಂಡಳು. ಬೆರಳುಗಳು ಬಗ್ಗಲಿಲ್ಲ. ಭಾವ ಕಾದರು. ಆಮೇಲೆ ಡ್ರಾಯರಿನಿಂದ ಮೆತ್ತನೆಯ ಪಟ್ಟಿ ತಂದು, "ಇದರಿಂದ ಕಟ್ಟಿದ್ರೆ..." ಎಂದರು.

"ಬೇಡ. ಕಟ್ಟಿದ ಕೈ ದೋಣಿ ನಡೆಸಲ್ಲ" ಎಂದಳು ಅಕ್ಕ. ಮತ್ತೆ ಅವಳೇ, "ಆವತ್ತು ನಡೆಸಿದ್ನಲ್ಲ ಬಿಡಿ" ಎಂದಳು.

ಇದು ನಡೆದು ಎರಡು ವರ್ಷವಾಯಿತು. ದೋಣಿ ಹಿತ್ತಿಲಲ್ಲಿ ಟ್ರೈಲರಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿದೆ. ಅಕ್ಕ ಈಗ ಕುರ್ಚಿಗೂ ಬರುವುದಿಲ್ಲ. ಭಾವ ಅವತ್ತಿನಿಂದ ಟೇಪಿನ ತುದಿಗೆ ಬೆರಳಿಟ್ಟಿಲ್ಲ. ಮೈ ಎಷ್ಟೋ ಅಷ್ಟೇ ಅಳತೆ, ಅಷ್ಟೇ ಬಟ್ಟೆ, ಒಳಗೆ ಮಡಚಿ ಬಿಡುವುದೂ ಇಲ್ಲ. ಕೋಟು ಹಾಕಿಕೊಂಡವರು ಕೈ ಎತ್ತಲಾರರು, ಪ್ಯಾಂಟು ಹಾಕಿಕೊಂಡವರು ಕೂರಲಾರರು. "ಉಸಿರು ಕಟ್ಟುತ್ತೆ ಮಾರಾಯ" ಎಂದರೆ, "ಅಳತೆ ಸರಿ ಇದೆ, ನೋಡಿ" ಎಂದು ಚೀಟಿ ತೋರಿಸುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಬರುವುದು ಬಿಟ್ಟರು. ಒಂದು ಯಂತ್ರಕ್ಕೆ ಬಟ್ಟೆ ಮುಚ್ಚಿದೆ. ಇನ್ನೊಂದರಲ್ಲಿ ಅವರು ಹೊಲಿಯುವುದು ಅಕ್ಕನ ನಿಲುವಂಗಿಗಳನ್ನು ಮಾತ್ರ. ಪ್ರತಿ ಸೋಮವಾರ ಹಾಸಿಗೆಯ ಪಕ್ಕ ಮಂಡಿಯೂರಿ ಅವಳ ಭುಜ, ತೋಳು, ಎದೆ ಅಳೆಯುತ್ತಾರೆ. ಕೈ ನಡುಗಿದರೆ ಮತ್ತೆ ಅಳೆಯುತ್ತಾರೆ.

ಆ ಅಂಗಿಗಳು ಅವಳ ಮೈಗೇರುವುದಿಲ್ಲ. ಕೈ ತಾನಾಗಿ ಬಗ್ಗದವಳಿಗೆ ಮೈಯಷ್ಟೇ ಅಂಗಿ ತೊಡಿಸುವುದು ಹೇಗೆ? ಮೊದಲ ಸಲ ಮೊಣಕೈಯಲ್ಲಿ ಸಿಕ್ಕಿಕೊಂಡು ಅವಳು ನೋವಿಗೆ ಕಿರುಚಿದಳು. ಯಂತ್ರದ ಸದ್ದು ನಿಂತಿತು. ಅಕ್ಕ ತುಟಿ ಕಚ್ಚಿಕೊಂಡು, "ಅವರಿಗೆ ಹೇಳ್ಬೇಡ ಕಣೇ. ನೀನೇ ಏನಾದ್ರೂ ಮಾಡು" ಎಂದಳು.

ಅಂದಿನಿಂದ ಅದು ನನ್ನ ಕೆಲಸ. ಹೊಸ ಅಂಗಿ ಬಂದ ದಿನ ಬಾಗಿಲು ಮುಂದೆ ಮಾಡಿ, ಬಗಲಿಂದ ಕೆಳಗಿನವರೆಗೆ ಹೊಲಿಗೆ ಬಿಚ್ಚುತ್ತೇನೆ. ಲಾಂಡ್ರಿಯಲ್ಲಿ ಹರಿದು ಬಿಸಾಡಿದ ಚಾದರದಿಂದ ಒಂದು ಪಟ್ಟಿ ಕತ್ತರಿಸಿ ನಡುವೆ ಸೇರಿಸಿ, ನನ್ನ ಸೊಟ್ಟ ಕೈಯಿಂದ ಹೊಲಿಯುತ್ತೇನೆ. ಒಗೆದು ಹಗ್ಗಕ್ಕೆ ಹಾಕಿದಾಗ ಭಾವನಿಗೆ ಅದು ಕಾಣುತ್ತದೆ. ನೀಲಿ ಅಂಗಿಯಲ್ಲಿ ಬಿಳಿ ಪಟ್ಟಿ, ಕಾಣದೆ ಎಲ್ಲಿ ಹೋಗುತ್ತದೆ? ಟ್ರೈಲರಿನ ಪಕ್ಕ ನಿಂತು ಅದನ್ನೇ ನೋಡುತ್ತಾರೆ. ಮುಂದಿನ ಸೋಮವಾರ ಮತ್ತೆ ಅಳೆದು, ಮತ್ತೆ ಅಷ್ಟೇ ಬಿಗಿಯಾಗಿ ಹೊಲಿದು ತಂದುಕೊಡುತ್ತಾರೆ.

ಪಟ್ಟಿ ಕತ್ತರಿಸುವ ಮುಂಚೆ ನಾನು ಅಳೆಯುವುದಿಲ್ಲ, ನನ್ನ ಹತ್ತಿರ ಟೇಪು ಇಲ್ಲ. ಬಟ್ಟೆಯ ಮೇಲೆ ಬೆರಳಿಟ್ಟು ಕತ್ತರಿಸುತ್ತೇನೆ. ಈ ಕಡೆ ಎರಡು ಬೆರಳು, ಆ ಕಡೆ ಎರಡು ಬೆರಳು.